ಕಂಬದ ಮುದ್ರೆಯೂ ವಚನದ ಅಂಕಿತವೂ

ಮಾತಿಗೊಂದು ಗುರುತು ಹಚ್ಚುವ ಪದ್ಧತಿ ಇಂದು ಮನೆಮನೆಗೂ ಬಂದಿದೆ. ಮೊಬೈಲು ಹಿಡಿದ ಮಕ್ಕಳು ತಾವು ಬರೆದುದರ ಕೊನೆಗೆ ಒಂದು ಚಿಹ್ನೆಯನ್ನಿಟ್ಟು ಅದಕ್ಕೊಂದು ಪದವನ್ನು ಜೋಡಿಸುತ್ತಾರೆ. ಇದಕ್ಕೆ ಹ್ಯಾಷ್‌ಟ್ಯಾಗ್ ಎಂದು ಹೆಸರು. 2007ರಲ್ಲಿ ಕ್ರಿಸ್ ಮೆಸ್ಸಿನಾ ಎಂಬುವರು ಇದನ್ನು ಟ್ವಿಟರಿನಲ್ಲಿ ಸೂಚಿಸಿದಾಗ, ಒಂದೇ ವಿಷಯದ ಮಾತುಗಳು ಒಂದೆಡೆ ಕೂಡಲಿ ಎಂಬುದೇ ಉದ್ದೇಶವಾಗಿತ್ತು. ಉದ್ದೇಶದಲ್ಲಿ ದೋಷವಿಲ್ಲ. ಆದರೆ ಬಸವ ಜಯಂತಿಯಂದು ಬಟ್ಟೆಯಂಗಡಿಯ ಜಾಹೀರಾತಿಗೂ ಬಸವಣ್ಣನವರ ಹೆಸರು ಅಂಟಿಕೊಳ್ಳುವುದುಂಟು. ಜಗಳದ ಬರಹಕ್ಕೆ ಅದರಲ್ಲಿ ಪಾಲಿಲ್ಲದವರ ಹೆಸರನ್ನು ಹಚ್ಚಿ ಅವರನ್ನು ಬೀದಿಗೆಳೆಯುವುದೂ ಉಂಟು. ಹೀಗಿರಲು, ಗುರುತನ್ನು ಎಲ್ಲಿ ಇಡಬೇಕು, ಇಟ್ಟವನಿಗೆ ಅದರಿಂದ ಬರುವ ಹೊಣೆಯೇನು ಎಂಬುದು ಭಕ್ತನಾದವನು ವಿಚಾರಿಸತಕ್ಕ ಸಂಗತಿಯಾಗಿದೆ.

ಈ ವಿಚಾರಕ್ಕೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಊರಿಗೆ ಆ ಹೆಸರು ಬಂದುದೇ ಅಲ್ಲಿಯ ಜೈನ ಬಸದಿಗಳಿಂದ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ಬೊಪ್ಪದೇವನು ತನ್ನ ತಂದೆ ಗಂಗರಾಜನ ನೆನಪಿಗಾಗಿ 1133ರಲ್ಲಿ ಕಟ್ಟಿಸಿದನು. ತಂದೆಯ ಬಿರುದಿನಿಂದ ಅದು ದ್ರೋಹಘರಟ್ಟ ಜಿನಾಲಯವೆನಿಸಿತು. ಪ್ರತಿಷ್ಠೆಯ ಪ್ರಸಾದವು ವಿಷ್ಣುವರ್ಧನನ ಕೈಸೇರುವ ಹೊತ್ತಿಗೆ ಅರಸನಿಗೆ ಯುದ್ಧದಲ್ಲಿ ಜಯವೂ ಮನೆಯಲ್ಲಿ ಪುತ್ರೋತ್ಸವವೂ ಆಗಿದ್ದುವು. ಅವನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಜಿನನೆಂದರೇ ಗೆದ್ದವನು; ಅವನಿಗೆ ರಣರಂಗದ ಗೆಲುವನ್ನೂ ಅಂಟಿಸಬೇಕಾಗಿತ್ತೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಈ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುವುವು; ಎದುರು ನಿಂತವನ ಮುಖವೇ ಅವುಗಳಲ್ಲಿ ಕಾಣುವುದು. 1638ರ ಶಾಸನವೊಂದು ಅವುಗಳ ಕಥೆಯನ್ನು ಹೇಳುತ್ತದೆ. ಹುಚ್ಚಪ್ಪದೇವರೆಂಬ ವೀರಶೈವರು ಬಸದಿಯ ಕಂಬಗಳಿಗೆ ಲಿಂಗಮುದ್ರೆಯನ್ನು ಹಾಕಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವ್ಯಾಜ್ಯ ಬೆಳೆಯಿತು. ಕಡೆಗೆ ಮಹಾಮಹತ್ತಿನ ಹಿರಿಯರು ಕೂಡಿ, ಮೊದಲು ವಿಭೂತಿ ವೀಳ್ಯಗಳು ಸಲ್ಲಬೇಕು, ಅನಂತರ ಜೈನರು ತಮ್ಮ ಪೂಜಾದಿಗಳನ್ನು ಹಿಂದಿನಂತೆ ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದು ಎಂದು ಕಟ್ಟುಮಾಡಿದರು. ಈ ಮಾತಿನಲ್ಲಿ ಮೇಲುಗೈಯಾದವರ ಗತ್ತು ಪೂರ್ತಿಯಾಗಿ ಇಳಿದಿಲ್ಲವೆಂದು ಇಂದಿನವರಿಗೆ ತೋರಿದರೆ ಅದು ತಪ್ಪಲ್ಲ. ಆದರೆ ಅದೇ ಹಿರಿಯರು ಬರೆಯಿಸಿದ ಮುಂದಿನ ಮಾತು ಬಲು ದೊಡ್ಡದು. ಈ ಜೈನಧರ್ಮಕ್ಕೆ ಅಡ್ಡಿಮಾಡಿದ ಶಿವಭಕ್ತನು ತನ್ನ ಮಹಾಮಹತ್ತಿಗೇ ಹೊರಗು. ಅವನು ಶಿವನಿಗೂ ಜಂಗಮಕ್ಕೂ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು. ಶಾಪವು ಅನ್ಯರಿಗಲ್ಲ, ತಮ್ಮವರಿಗೇ. ಯಾವ ಲಾಂಛನಗಳ ಹೆಸರಿನಲ್ಲಿ ಒಬ್ಬನು ಪರರ ಕಂಬದ ಮೇಲೆ ಕೈಮಾಡಿಯಾನೋ ಆ ಲಾಂಛನಗಳನ್ನೇ ಅವನ ವಿರುದ್ಧ ಸಾಕ್ಷಿಗೆ ನಿಲ್ಲಿಸಿದರು.

ಶರಣರೂ ಗುರುತಿಟ್ಟವರೇ. ಆದರೆ ಲಿಂಗವನ್ನು ತಮ್ಮ ಎದೆಯ ಮೇಲೆ ಧರಿಸಿದರು, ಅಂಕಿತವನ್ನು ತಮ್ಮ ಮಾತಿನ ಕೊನೆಗೆ ಇಟ್ಟರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರ ವಚನವೆಂದೂ ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳದೆಂದೂ ತಿಳಿಯುವುದು ನಿಜ. ಆ ಮಟ್ಟಿಗೆ ಅಂಕಿತವೂ ಹಣೆಪಟ್ಟಿಯೇ. ಆದರೆ ಅದರ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಅದೊಂದು ಕರೆ. ಆಡಿದ ಮಾತನ್ನೆಲ್ಲ ತಂದು ಆರಾಧ್ಯದೈವದ ಎದುರಿಗೆ ಇಡುವ ಬಗೆ. ಹುಸಿಯನ್ನಾಡಿ ಆ ಹೆಸರನ್ನು ಕರೆದವನು ತನ್ನ ಮೇಲೆ ತಾನೇ ದೂರು ಕೊಟ್ಟಂತೆ. ಜಯಂತಿಯಂದು ಸೀರೆಯ ಚಿತ್ರದ ಕೆಳಗೆ ಬಸವಣ್ಣನವರ ಹೆಸರು ಬರೆದ ವ್ಯಾಪಾರಿಯನ್ನು ಆ ಹೆಸರು, ಅಳತೆ ಸರಿಯೇ, ದರ ಸರಿಯೇ ಎಂದು ಕೇಳುವುದಾದರೆ ಅದು ಅಂಕಿತ. ಗಿರಾಕಿಯನ್ನು ಕರೆಯಲಷ್ಟೇ ಬಳಕೆಯಾದರೆ ಅದು ಬಸ್ತಿಹಳ್ಳಿಯ ಕಂಬದ ಮೇಲಿನ ಮುದ್ರೆಯ ಸಾಲಿಗೆ ಸೇರಿದ್ದು.

ಅಂಬಿಗರ ಚೌಡಯ್ಯನವರ ಬಗೆ ಮಾತ್ರ ಬೇರೆ. ಅವರು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ಇದನ್ನು ಅಹಂಕಾರವೆಂದು ಎಣಿಸುವವರು ಅವರ ಮಾತಿನ ಬಿರುಸನ್ನು ನೆನೆಯಬೇಕು. ಅಂತಹ ಮಾತನ್ನಾಡಿ ದೇವರ ಹೆಸರಿನ ಮರೆಗೆ ಅವರು ನಿಲ್ಲಲಿಲ್ಲ. ಕೇಳಿ ಕೆರಳಿದವನು ಜಗಳಕ್ಕೆ ಬರುವುದಿದ್ದರೆ ನೇರವಾಗಿ ದೋಣಿಯ ಬಳಿಗೇ ಬರಬಹುದಾಗಿತ್ತು.