ಪರದೆಯಲ್ಲಿ ಚಲಿಸುವುದು ಯಾವುದು?

ಟಿವಿ ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಸಿನಿಮಾ ಎಂದರೆ ಸೆಕೆಂಡಿಗೆ 24 ಸ್ಥಿರಚಿತ್ರಗಳ ಸಾಲು. ಟಿವಿ ತನ್ನ ಚಿತ್ರವನ್ನು ಸೆಕೆಂಡಿಗೆ 50, 60 ಅಥವಾ 120 ಸಲ ಹೊಸದಾಗಿಸುತ್ತದೆ. ಈ ಎಣಿಕೆಯೇ ರಿಫ್ರೆಶ್ ರೇಟ್. ಹಾಗಾದರೆ ಬೌಂಡರಿಯತ್ತ ಓಡುವ ಚೆಂಡು ಎಲ್ಲಿದೆ? ಬೌದ್ಧರ ಕ್ಷಣಭಂಗವಾದದ ಪ್ರಕಾರ ಇರುವುದು ಕ್ಷಣಗಳಷ್ಟೇ. ಒಂದನ್ನೊಂದು ಹೋಲುವ ಕ್ಷಣಗಳನ್ನು ಬುದ್ಧಿ ಒಂದೇ ವಸ್ತುವೆಂದು ಬಗೆಯುತ್ತದೆ.

ಎಲ್‌ಸಿಡಿ ಪ್ರತಿ ಚಿತ್ರವನ್ನೂ ಮುಂದಿನದು ಬರುವತನಕ ಹಿಡಿದಿಡುತ್ತದೆ, 60 ಹರ್ಟ್ಜ್‌ನಲ್ಲಿ ಸುಮಾರು 16.7 ಮಿಲಿಸೆಕೆಂಡು. ಅಷ್ಟು ಹೊತ್ತು ಚೆಂಡು ನಿಂತಿರುತ್ತದೆ, ಅದನ್ನು ಹಿಂಬಾಲಿಸುವ ಕಣ್ಣು ನಿಲ್ಲುವುದಿಲ್ಲ. ಹಾಗಾಗಿ ಚಿತ್ರ ಅಕ್ಷಿಪಟಲದ ಮೇಲೆ ಸವರಿದಂತಾಗಿ ಮಸುಕಾಗುತ್ತದೆ. ಪ್ಲಾಸ್ಮಾ (2010ರ ದಶಕದ ಮಧ್ಯದಲ್ಲಿ ದೊಡ್ಡ ತಯಾರಕರು ಕೈಬಿಟ್ಟ ತಂತ್ರ) ಚಿಕ್ಕ ಚಿಕ್ಕ ಮಿಂಚುಗಳಲ್ಲಿ ಉರಿದು ಆರುತ್ತದೆ. ಅದರ ಚಲನೆ ಹೆಚ್ಚು ಸ್ಪಷ್ಟ. ಬಿಡದೆ ಬೆಳಗುವ ಪರದೆಯಲ್ಲಿ ಓಟ ಕಲೆಸುತ್ತದೆ, ಕತ್ತಲೆಯ ಬಿಡುವುಳ್ಳ ಪರದೆಯಲ್ಲಿ ತಿಳಿಯಾಗುತ್ತದೆ. ಕ್ಷಣಭಂಗವಾದಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಕ್ಕದು.

ಪ್ಲಾಸ್ಮಾದ ಮೇಲೆ ಬರೆದಿರುತ್ತಿದ್ದ 600 ಹರ್ಟ್ಜ್ ಮಾತ್ರ ದಾರಿ ತಪ್ಪಿಸುವ ಸಂಖ್ಯೆ. ಒಂದೊಂದು ಚಿತ್ರವನ್ನು 10 ಉಪಕ್ಷೇತ್ರಗಳಾಗಿ ಒಡೆದು 60ರಿಂದ ಗುಣಿಸಿದ ಲೆಕ್ಕವದು; ಹೊಸ ಚಿತ್ರಗಳು 60ನ್ನು ಮೀರುವುದಿಲ್ಲ. ಅದನ್ನು ಎಲ್‌ಸಿಡಿಯ 120ರ ಪಕ್ಕದಲ್ಲಿಟ್ಟು ತೂಗುವುದು ವ್ಯರ್ಥ. 120ಕ್ಕೆ ಬೇರೊಂದು ಲಾಭವಿದೆ: ಅದು 24ರಿಂದ ಭಾಗವಾಗುತ್ತದೆ. ಸಿನಿಮಾದ ಪ್ರತಿ ಚಿತ್ರ ಐದೈದು ಸಲ ಸಮವಾಗಿ ಕಾಣುತ್ತದೆ. 60ರಲ್ಲಾದರೆ ಒಂದು ಮೂರು ಸಲ, ಇನ್ನೊಂದು ಎರಡು ಸಲ ಬಂದು ಕ್ಯಾಮೆರಾದ ನಿಧಾನ ಚಲನೆ ಕುಂಟುತ್ತದೆ.

ಮಸುಕು ತಗ್ಗಿಸಲು ಕೆಲವು ಎಲ್‌ಸಿಡಿಗಳು ಎರಡು ಚಿತ್ರಗಳ ನಡುವೆ, ಕ್ಯಾಮೆರಾ ಎಂದೂ ಕಾಣದ ಮೂರನೆಯದನ್ನು ಊಹಿಸಿ ತುಂಬುತ್ತವೆ. ಸಿನಿಮಾ ಧಾರಾವಾಹಿಯಂತೆ ಕಾಣತೊಡಗುವುದು ಇದರಿಂದಲೇ.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಕ್ಷಣಿಕವಾದಕ್ಕೆ ಒಡ್ಡಿದ ಆಕ್ಷೇಪ ಇಲ್ಲಿಯೂ ಸಲ್ಲುತ್ತದೆ: ಮೊದಲು ಕಂಡವನೂ ಈಗ ನೆನೆಯುವವನೂ ಒಬ್ಬನೇ ಅಲ್ಲದಿದ್ದರೆ ಸ್ಮೃತಿಯೇ ಸಾಧ್ಯವಿಲ್ಲ. ಹಿಂದಿನ ಕ್ಷಣದ ಸಂಸ್ಕಾರ ಮುಂದಿನದಕ್ಕೆ ದಾಟುತ್ತದೆ, ನಿತ್ಯನಾದ ದ್ರಷ್ಟಾರ ಬೇಡ ಎಂಬುದು ಬೌದ್ಧರ ಮರುತ್ತರ. ನಡುಚಿತ್ರ ಹೆಣೆಯುವ ಟಿವಿ ಮೇಲ್ನೋಟಕ್ಕೆ ಅವರ ಪರ, ಏಕೆಂದರೆ ಅದರೊಳಗೆ ನೋಡುವವನಿಲ್ಲ. ಆದರೂ ಹಳೆಯ ಚಿತ್ರವನ್ನು ಮೆಮೊರಿ ಚಿಪ್ಪಿನಲ್ಲಿ ಉಳಿಸಿಕೊಂಡು ಹೊಸದಕ್ಕೆ ಕಾಯದೆ ಅದಕ್ಕೆ ಹೆಣಿಗೆ ಸಾಧ್ಯವಿಲ್ಲ. ಆ ಕಾಯುವಿಕೆಯ ವಿಳಂಬ ಸಹಿಸದೆಯೇ ವಿಡಿಯೊ ಗೇಮ್ ಆಡುವವರು ಈ ಸೌಲಭ್ಯವನ್ನು ಆರಿಸಿಡುತ್ತಾರೆ.