ಹೂ ಮುಗಿದ ಮೇಲಿನ ತೋಟ

ಯುರೋಪಿನ ಹಳೇ ರೂಢಿಯಲ್ಲಿ ಶರತ್ಕಾಲವೆಂದರೆ ತೋಟಗಾರ ಕತ್ತರಿ ಹಿಡಿಯುವ ಕಾಲ. ಹೂ ಮುಗಿದ ಗಿಡಗಳನ್ನು ಬುಡದವರೆಗೆ ಸವರಿ, ತರಗೆಲೆ ಗುಡಿಸಿ, ಪಾತಿಗಳನ್ನು ಬೋಳಾಗಿಸಿದರೆ ಆ ವರ್ಷದ ಕೆಲಸ ಮುಗಿಯಿತು. ವಸಂತ ಬರುವವರೆಗೆ ಅಲ್ಲಿ ನೋಡುವುದಕ್ಕೆ ಏನಾದರೂ ಇರಬೇಕೆಂದು ಹೆಚ್ಚಿನವರು ಬಯಸುತ್ತಲೂ ಇರಲಿಲ್ಲ.

ನೆದರ್ಲೆಂಡ್ಸ್‌ನ ತೋಟ ವಿನ್ಯಾಸಕಾರ ಪೀಟ್ ಔಡಾಲ್ಫ್ ಹಾಗೆ ಬಯಸಿದ ಕೆಲವರಲ್ಲಿ ಒಬ್ಬರು. 1944ರಲ್ಲಿ ಹುಟ್ಟಿದ ಅವರು 1982ರಲ್ಲಿ ಹೆಂಡತಿ ಆನ್ಯಾ ಜೊತೆ ಹುಮೆಲೊ ಎಂಬ ಹಳ್ಳಿಗೆ ಹೋಗಿ ನೆಲೆಸಿ, ಅಲ್ಲಿ ನರ್ಸರಿ ಕಟ್ಟಿದರು. ಗಿಡವನ್ನು ಆರಿಸುವಾಗ ಅವರು ಹೂವಿನ ಬಣ್ಣಕ್ಕಿಂತ ಹೆಚ್ಚಾಗಿ ಅದರ ಆಕಾರವನ್ನು ನೋಡುತ್ತಾರೆ. ಒಣಗಿದ ಮೇಲೆ ಇದು ಹೇಗೆ ನಿಲ್ಲುತ್ತದೆ ಎನ್ನುವುದೇ ಅವರ ಮುಖ್ಯ ಪರೀಕ್ಷೆ. ಎಕಿನೇಶಿಯಾದ ಎಸಳುಗಳು ಉದುರಿದರೂ ನಡುವಿನ ಮುಳ್ಳುಮುಳ್ಳಾದ ಕಪ್ಪು ಗುಬುಟು ಗಟ್ಟಿಯಾಗಿ ಉಳಿಯುತ್ತದೆ. ಹಿಮ ಬಿದ್ದರೆ ಅದರ ನೆತ್ತಿಯ ಮೇಲೆ ಬಿಳಿ ಟೋಪಿ ಕೂರುತ್ತದೆ. ಫ್ಲೋಮಿಸ್ ಗಿಡದ ಬೀಜದ ಉಂಡೆಗಳು ನಮ್ಮ ತುಂಬೆಯ ಹಾಗೆ ಕಾಂಡದ ಗೆಣ್ಣುಗೆಣ್ಣಿಗೂ ಸುತ್ತುಗಟ್ಟಿ ನಿಂತಿರುತ್ತವೆ. ನಡುನಡುವೆ ಮಿಸ್ಕ್ಯಾಂಥಸ್ ಹುಲ್ಲಿನ ಒಣ ತೆನೆಗಳು. ಹೊಂಬಣ್ಣ, ಕಂದು, ಕಪ್ಪು: ಚಳಿಗಾಲದ ಓರೆ ಬಿಸಿಲಿಗೆ ಇಷ್ಟೇ ಬಣ್ಣ ಸಾಕು.

ಇದೇ ನೋಟ 2004ರಲ್ಲಿ ಶಿಕಾಗೋದ ಲೂರಿ ಗಾರ್ಡನ್‌ಗೂ 2009ರಲ್ಲಿ ನ್ಯೂಯಾರ್ಕಿನ ಹೈ ಲೈನ್‌ಗೂ ಬಂತು. ಹೈ ಲೈನ್ ಮೊದಲು ಗೂಡ್ಸ್ ರೈಲಿನ ಮೇಲ್ಸೇತುವೆ. 1980ರಲ್ಲಿ ಕೊನೆಯ ರೈಲು ಓಡಿದ ಮೇಲೆ ಹಳಿಗಳ ಸಂದಿಯಲ್ಲಿ ಹುಲ್ಲು, ಕಾಡುಗಿಡ ತಾವಾಗಿ ಬೆಳೆದಿದ್ದವು. ಔಡಾಲ್ಫ್ ಆ ಪಾಳುತನದ ಚೆಲುವನ್ನು ಅಳಿಸಿಹಾಕದೆ ಮುಂದುವರಿಸಿದರು.

ಒಣಗಿದ್ದನ್ನು ಚೆಲುವೆಂದು ಕರೆಯುವುದು ಸರಿಯೇ? ಇದು ಅಭಿರುಚಿಯ ಮಾತಷ್ಟೇ ಅಲ್ಲ. ಅರಳಿದಾಗ ಮಾತ್ರ ಗಿಡಕ್ಕೆ ಬೆಲೆ ಎನ್ನುವವರು, ಬದುಕಿನ ಬಹುಭಾಗವನ್ನು ಒಂದೆರಡು ವಾರಗಳ ಅರಳುವಿಕೆಗೆ ಸಿದ್ಧತೆ ಅಥವಾ ಅದರ ಪಳೆಯುಳಿಕೆ ಎಂದು ಎಣಿಸಿದಂತಾಯಿತು. ವಯಸ್ಸಾದವರನ್ನು ಸಮಾಜ ನೋಡುವ ರೀತಿಯಲ್ಲೂ ಇದೇ ಲೆಕ್ಕ ಕೆಲಸ ಮಾಡುತ್ತದೆ.

ಆದರೆ ಇಲ್ಲೊಂದು ತಕರಾರಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಔಡಾಲ್ಫರ ಗಿಡಗಳು ಹೆಚ್ಚಿನವು ಬಹುವಾರ್ಷಿಕ. ಮೇಲೆ ಕಾಂಡ ಸತ್ತಿದ್ದರೂ ನೆಲದೊಳಗೆ ಬೇರು ಜೀವಂತ. ಏಪ್ರಿಲ್‌ನಲ್ಲಿ ಚಿಗುರು ಬರುತ್ತದೆಂದು ಗೊತ್ತಿದ್ದೇ ನೋಡುಗ ಆ ಒಣಕಲನ್ನು ಮೆಚ್ಚುತ್ತಾನೆ. ಮನುಷ್ಯನ ಸಾವಿಗೆ ಅಂಥ ಏಪ್ರಿಲ್ ಇಲ್ಲ. ಹಾಗಾದರೆ ಚಳಿಗಾಲದ ತೋಟ ಕೊಡುವ ಸಮಾಧಾನ ಸುಳ್ಳೇ?

ಮರುಚಿಗುರನ್ನು ನೆಚ್ಚದ ಒಂದು ಉತ್ತರ ಜಪಾನಿನಲ್ಲಿದೆ. 1330ರ ಸುಮಾರಿಗೆ ಬೌದ್ಧ ಸನ್ಯಾಸಿ ಯೊಶಿದಾ ಕೆಂಕೊ ಬರೆದ ‘ತ್ಸುರೆಜುರೆಗುಸಾ’ದ 137ನೇ ಭಾಗ, ಚೆರ್ರಿ ಹೂವನ್ನು ತುಂಬಿ ಅರಳಿದಾಗ ಮಾತ್ರ ನೋಡಬೇಕೇ ಎಂದು ಕೇಳುತ್ತದೆ. ಎಸಳು ಉದುರಿ ಹರಡಿದ ಅಂಗಳವೂ ನೋಡತಕ್ಕದ್ದೇ ಎನ್ನುವುದು ಅವನ ನಿಲುವು. ಮುಂದೆ ಕ್ಯೋಟೋದ ಕಾಮೊ ಉತ್ಸವದ ಮಾತು ಬರುತ್ತದೆ: ಗಾಡಿಗಳು ಹೊರಟು, ಜನ ಕರಗಿ, ಬೀದಿ ಬರಿದಾಗುವುದನ್ನು ಕಂಡವನೇ ಉತ್ಸವವನ್ನು ಪೂರ್ತಿ ಕಂಡವನು. ಅಲ್ಲಿಂದ ಅವನ ಯೋಚನೆ ಆ ಗುಂಪಿನಲ್ಲಿದ್ದವರ ಸಾವಿನ ಕಡೆಗೇ ಹೊರಳುತ್ತದೆ. ಹೋದವರು ತಿರುಗಿ ಬರುತ್ತಾರೆಂಬ ಭರವಸೆಯನ್ನು ಅವನು ಕೊಡುವುದಿಲ್ಲ. ಮುಗಿಯುವುದೂ ಆ ವಸ್ತುವಿನ ಪಾಲೇ, ಅದನ್ನು ಕಣ್ಣುಬಿಟ್ಟು ನೋಡಬೇಕು ಎಂದಷ್ಟೇ ಹೇಳುತ್ತಾನೆ.

ಇದಕ್ಕೆ ತೀರ ಬೇರೆಯಾದ ದಾರಿ ಬೆಂಗಳೂರಿನದು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1908ರಲ್ಲಿ ಇಲ್ಲಿಗೆ ಬಂದ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರೆಂದು ಹೆಸರಾದವರು. ಹವೆ ಅನುಕೂಲವಾಗಿರುವ ಊರಿಗೆ ಅದು ದೊಡ್ಡ ಕೊಡುಗೆ. ಆದರೆ ಅಂಥ ಬೀದಿಯಲ್ಲಿ ಕಣ್ಣು ಒಂದು ಹೂವಿನಿಂದ ಮತ್ತೊಂದಕ್ಕೆ ಜಿಗಿಯುತ್ತದೆ, ಹೂ ಮುಗಿಸಿದ ಮರ ಹಿಂದೆ ಸರಿದುಬಿಡುತ್ತದೆ.

ಹಿಮದ ನಾಡಿನಲ್ಲಿ ಆ ಅನುಕೂಲವಿಲ್ಲ. ತೋಟಗಾರ ಒಣಗಿದ್ದರ ಜೊತೆಗೇ ಕೆಲಸ ಮಾಡಬೇಕು. ಅಲ್ಲಿ ಎಲ್ಲವನ್ನೂ ಹಾಗೇ ಬಿಡುವುದು ವಿನ್ಯಾಸವಲ್ಲ. ಹೋಸ್ಟಾದಂಥ ಗಿಡ ಮೊದಲ ಮಂಜಿಗೇ ಕೊಳೆತು ಲೋಳೆಯಾಗುತ್ತದೆ, ಅದನ್ನು ತೆಗೆಯಲೇಬೇಕು. ನಿಲ್ಲಬಲ್ಲದ್ದು ನಿಂತರೆ ಗೋಲ್ಡ್‌ಫಿಂಚ್ ಹಕ್ಕಿಗಳು ಎಕಿನೇಶಿಯಾದ ಬೀಜ ಹೆಕ್ಕಲು ಬರುತ್ತವೆ. ಚಳಿಗಾಲ ಕಳೆಯುತ್ತಲೇ ಹೈ ಲೈನ್‌ನಲ್ಲಿ ಸಿಬ್ಬಂದಿಯೂ ಸ್ವಯಂಸೇವಕರೂ ಸೇರಿ ಒಣಕಾಂಡಗಳನ್ನು ಕತ್ತರಿಸುತ್ತಾರೆ, ಹೊಸ ಚಿಗುರಿಗೆ ಬೆಳಕು ಬೇಕಲ್ಲ. ಈಗೀಗ ಹಲವು ತೋಟಗಾರರು ಕತ್ತರಿಸುವಾಗ ಗೇಣುದ್ದದ ಮೋಟುಗಳನ್ನು ಬಿಡುತ್ತಾರೆ. ಟೊಳ್ಳು ಕಾಂಡಗಳಲ್ಲಿ ಒಂಟಿ ಜೇನ್ನೊಣಗಳು ಮೊಟ್ಟೆಯಿಡುತ್ತವೆ. ತಕರಾರಿಗೆ ತೋಟದ ಉತ್ತರ ಇಲ್ಲಿದೆ: ಹಕ್ಕಿಗೆ ಸಿಕ್ಕ ಬೀಜಕ್ಕೂ ನೊಣಕ್ಕೆ ಸಿಕ್ಕ ಗೂಡಿಗೂ ಆ ಗಿಡ ಮತ್ತೆ ಚಿಗುರಲೇಬೇಕೆಂಬ ಷರತ್ತಿಲ್ಲ.