ನೆರಳಿಗೆ ಒಂದು ಪದ

ಮಳಖೇಡ ಎಂದರೆ ಕನ್ನಡ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗ, 9ನೇ ಶತಮಾನದ 'ಕವಿರಾಜಮಾರ್ಗ'. ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿ ಎಂಬ ಎರಡು ಹೊಳೆಗಳಿಂದ ಹೇಳಿದ ಕೃತಿಯದು. ಪಿಎಚ್.ಡಿ. ಕೆಲಸಕ್ಕೆಂದು ನಾನು ಅಲ್ಲಿ ಓಡಾಡತೊಡಗಿದ ಮೇಲೆ ಸಂಜೆ ಚಹಾದಂಗಡಿಯಲ್ಲಿ ಕೇಳಿಸಿದ್ದು ಭೋಜಪುರಿ, ಒಡಿಯಾ, ಹಿಂದಿ. ಈ ಭಾಗದ ನೆಲದಡಿ ಸುಣ್ಣದ ಕಲ್ಲಿದೆ. ಹಾಗಾಗಿ ಮಳಖೇಡ, ಸೇಡಂ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ದುಡಿಯಲು ದೂರದ ಊರುಗಳಿಂದ ಬಂದವರಿದ್ದಾರೆ.

ಗೆಳತಿಯೊಬ್ಬಳ ಒತ್ತಾಯಕ್ಕೆ, ಕಟ್ಟಡ ಕೆಲಸದ ಎಂಟು-ಹತ್ತು ಮಂದಿಗೆ ಭಾನುವಾರಗಳಂದು ಕನ್ನಡ ಕಲಿಸಲು ಒಪ್ಪಿಕೊಂಡೆ. ಮೊದಲ ದಿನ ಒಯ್ದದ್ದು ಮಕ್ಕಳ ಪುಸ್ತಕ: ಅ ಅರಸ, ಆ ಆನೆ. ಐವತ್ತು ದಾಟಿದವರ ಮುಂದೆ ಆನೆಯ ಚಿತ್ರ ಹಿಡಿದು ನಿಂತಾಗ ನನಗೇ ನಾಚಿಕೆಯಾಯಿತು. ಮುಂದಿನ ವಾರ ಪುಸ್ತಕ ಬಿಟ್ಟು ಎಲ್ಲರನ್ನೂ ಹೊಲದ ಬದುವಿಗೆ ಕರೆದೊಯ್ದೆ. ಕಾಗಿಣಾ ಹೊಳೆ, ಎರಿ ಮಣ್ಣು, ಬೇವು, ಜಾಲಿ: ಕಣ್ಣಿಗೆ ಬಿದ್ದದ್ದಕ್ಕೆಲ್ಲ ಹೆಸರು ಹೇಳುವುದು ನನ್ನ ಯೋಜನೆ.

ತೊಗರಿ ಕಾಯಿ ಕಟ್ಟುವ ಕಾಲ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಬಿಹಾರದ ಕಾಕಾ ಒಬ್ಬರು ಗಿಡ ಮುಟ್ಟಿ "ರಹರ್" ಎಂದರು. ಒಂದು ಕಾಯಿ ಬಿಡಿಸಿ, ಒಳಗಿನ ಹುಳ ತೋರಿಸಿದರು. ಊರಲ್ಲಿ ಅವರದೂ ತುಂಡು ಹೊಲವಿದೆ. ಆ ಗಿಡದ ಬಗ್ಗೆ ನನಗೆ ಗೊತ್ತಿದ್ದದ್ದು ಹೆಸರು ಮಾತ್ರ. ಅವರಿಗೆ ಗೊತ್ತಿಲ್ಲದ್ದು ಕನ್ನಡದ ಹೆಸರು ಮಾತ್ರ.

ಭಾಷೆ ಬಾರದವರನ್ನು ನಾವು ಎಷ್ಟು ಸುಲಭವಾಗಿ ತಿಳಿವಳಿಕೆ ಇಲ್ಲದವರೆಂದು ಬಗೆಯುತ್ತೇವೆ! ದೊಡ್ಡವರಿಗೆ ಕಲಿಸುವವರು ಮೊದಲು ಬಿಡಬೇಕಾದದ್ದು ಇದನ್ನೇ ಅನ್ನಿಸಿತು.

ಆದರೆ ನನ್ನ ಉತ್ಸಾಹಕ್ಕೂ ಪೆಟ್ಟು ಬಿತ್ತು. ಒಡಿಶಾದ ಹೆಂಗಸೊಬ್ಬಳು ಮೂರನೇ ವಾರ ಕೇಳಿದಳು: "ದೀದಿ, ಗಿಡದ ಹೆಸರು ತಗೊಂಡು ನಾನೇನು ಮಾಡಲಿ? ಮೇಸ್ತ್ರಿ ಹತ್ತಿರ ಮಾತಾಡೋದು ಕಲಿಸಿ." ಕೂಲಿ ಕೇಳಲು ಪದವಿಲ್ಲದವಳಿಗೆ ಬೇವು, ಜಾಲಿ ಎನ್ನುವುದು ನನ್ನ ಖುಷಿಗಾಗಿಯೇ? ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅರ್ಧ ಹೊತ್ತು ಕೂಲಿ, ಲೆಕ್ಕ, ದವಾಖಾನೆಯ ಮಾತುಗಳಿಗೆ ಕೊಟ್ಟೆ.

ಇಲ್ಲಿಗೆ ಬಂದವರು ಕನ್ನಡ ಕಲಿಯಲಿ ಎನ್ನುವುದು ನ್ಯಾಯವೇ. ಆದರೆ ಕಲಿಯಿರಿ ಎಂದಷ್ಟೇ ಹೇಳಿ, ಕಲಿಸಲು ಯಾರೂ ಕೂರದಿದ್ದರೆ ಅದು ಬರೀ ಗದರಿಕೆ. ಕಲಬುರಗಿ ಸೀಮೆಯವರಿಗೆ ಇದು ಹೊಸದಲ್ಲ. ನಮ್ಮವರೂ ಮುಂಬೈ, ಪುಣೆಗೆ ಗುಳೆ ಹೋಗುತ್ತಾರೆ. ನನ್ನ ಸೋದರಮಾವ ಪುಣೆಯಲ್ಲಿ ಮರಾಠಿ ಕಲಿತದ್ದು ಬೈಗುಳ ಕೇಳಿ ಕೇಳಿ. "ಹೇಳಿದ್ದು ತಿಳೀತಿತ್ತು, ತಿರುಗಿ ಹೇಳಾಕ ಬರ್ತಿರಲಿಲ್ಲ" ಎನ್ನುತ್ತಾನೆ. ಅಪ್ಪಣೆ ತಿಳಿಯುವಷ್ಟೇ ಭಾಷೆ ಕಲಿಸಿದರೆ ನಾವು ಆಳನ್ನು ತಯಾರು ಮಾಡುತ್ತೇವೆ. ಹೊಳೆ, ಮಣ್ಣು, ಮರಗಳ ಹೆಸರು ಬಂದವನು ಊರಿನ ಬಗ್ಗೆ ಊರವರೊಂದಿಗೆ ಹರಟಬಲ್ಲ. ಬೇಕಾದರೆ ಜಗಳವನ್ನೂ ಆಡಬಲ್ಲ. ಎರಡೂ ಬೇಕು, ಯಾವುದು ಮೊದಲು ಎಂದು ಹೇಳಬೇಕಾದವರು ಕಲಿಯುವವರೇ ಎಂದು ಈಗ ನಂಬಿದ್ದೇನೆ.

ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟಿತು. ಅದೇ ಹೆಂಗಸು ಒಂದು ಭಾನುವಾರ ನಗುತ್ತಾ ಬಂದಳು. ಮಧ್ಯಾಹ್ನ ಬುಟ್ಟಿ ಕೆಳಗಿಟ್ಟು, ಮೇಸ್ತ್ರಿಗೆ ಕನ್ನಡದಲ್ಲೇ ಹೇಳಿದಳಂತೆ: "ಬಿಸಲು ಭಾಳ ಅದ. ಬೇವಿನ ನೆರಳಿಗೆ ಕೂಡ್ತೀವಿ."

ಬಿಸಿಲು, ಬೇವು, ನೆರಳು ಮೂರೂ ಹೊಲದ ಬದುವಿನಲ್ಲಿ ಕಲಿತ ಪದಗಳು.

"ಮೇಸ್ತ್ರಿ ಏನಂದ?" ಎಂದೆ.

"ಏನೂ ಅನ್ನಲಿಲ್ಲ. ಆದರೆ ಎಬ್ಬಿಸಲೂ ಇಲ್ಲ."